ಹಿಟ್ಟಿನ ಜೇಬು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಕತ್ತರಿ ಇವತ್ತೇ ಮೊಂಡಾಗಲಿ, ನಾಳೆಯಿಂದ ಗೋಣಿಚೀಲ ಹೊಲಿದು ಬದುಕುತ್ತೇನೆ. ನಡೆದದ್ದು ಹೋದ ಶನಿವಾರ. ಇವತ್ತು ಮಂಗಳವಾರ. ಮೂರೇ ದಿನದಲ್ಲಿ ಒಂದು ಸಂಗತಿಗೆ ಸುಳ್ಳು ಬೆರೆಸುವಷ್ಟು ಪುರುಸೊತ್ತು ದರ್ಜಿಗೆ ಎಲ್ಲಿರುತ್ತದೆ? ನೀವು ಆ ಪರದೆಯ ಹಿಂದೆಯೇ ಆರಾಮಾಗಿ ಕೂತುಕೊಳ್ಳಿ. ಸ್ಟೂಲಿನ ಮೂರನೆಯ ಕಾಲನ್ನು ಮಾತ್ರ ನಂಬಬೇಡಿ. ಸೊಂಟಕ್ಕೆ ಸುತ್ತಿಕೊಂಡಿದ್ದೀರಲ್ಲ, ಅದು ಬ್ಯಾಂಕ್ ಮ್ಯಾನೇಜರರ ಸೂಟಿನ ಬಟ್ಟೆ, ಜೋಪಾನ. ಒಳಗೆ ಮೆಷಿನ್ನಿನ ಸದ್ದು ಕೇಳುತ್ತಿದೆಯಲ್ಲ, ನಿಮ್ಮ ಪ್ಯಾಂಟಿಗೆ ಜಿಪ್ ಕೂರಿಸುತ್ತಿರುವುದೇ ಅದು. ಪ್ಯಾಂಟಿಲ್ಲದೆ ನೀವು ಎಲ್ಲಿಗೂ ಹೋಗುವ ಹಾಗಿಲ್ಲ. ಆದ್ದರಿಂದ ಕೇಳಿ.

ಈ ಅಂಗಡಿಯಲ್ಲಿ ಕತ್ತರಿಸುವವನು ನಾನು, ಹೊಲಿಯುವವನು ನನ್ನ ತಮ್ಮ. ಜೇಬು ಹೊಲಿಯುತ್ತಿದ್ದವಳು ನಮ್ಮಮ್ಮ. ಕಣ್ಣು ಮಂಜಾಗುವ ತನಕ ಐವತ್ತು ವರ್ಷ ಬರೀ ಜೇಬು. ಮಹಡಿಯ ಮೇಲೆ ಮನೆ. ಅಮ್ಮ, ನಾನು, ನನ್ನ ಹೆಂಡತಿ ಅಲ್ಲಿ. ತಮ್ಮನೋ ಮದುವೆಯ ಗೊಡವೆಗೆ ಹೋದವನಲ್ಲ, ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಾನೆ. ನಾನೂ ಅವನೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಕಾರಣ ಒಂದು ಕೋಟು. ಪೇಟೆಯ ಬ್ಯಾಂಡ್ ಮಾಸ್ಟರಿಗೆ ಕೆಂಪು ಉಣ್ಣೆಯ ಕೋಟು ಹೊಲಿದುಕೊಟ್ಟಿದ್ದೆವು. ಉಣ್ಣೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು, ಕುಗ್ಗುವುದೆಲ್ಲ ಆಗಲೇ ಕುಗ್ಗಿ ಮುಗಿಯಬೇಕು. ನೆನೆಸಿರಲಿಲ್ಲ. ಮೊದಲ ಮೆರವಣಿಗೆಯಲ್ಲೇ ಮಳೆ ಹೊಡೆಯಿತು. ಬೀದಿಯ ಈ ತುದಿಯಲ್ಲಿ ಮಣಿಕಟ್ಟಿನ ಮೇಲಿದ್ದ ತೋಳು ಆ ತುದಿ ಮುಟ್ಟುವಷ್ಟರಲ್ಲಿ ಮೊಣಕೈಗೆ ಏರಿತ್ತು. ಮಾಸ್ಟರು ಕೈ ಎತ್ತುವುದಕ್ಕೇ ಆಗದೆ ಎರಡು ಬೆರಳಲ್ಲಿ ತಾಳ ತೋರಿಸಿದರು. ಇಡೀ ಬ್ಯಾಂಡು ಅದಕ್ಕೆ ತಕ್ಕಂತೆ ಜೋಗುಳದಷ್ಟು ಮೆತ್ತಗೆ ಬಾರಿಸಿತು. ದಾರಿಯುದ್ದಕ್ಕೂ ಕಂಕುಳ ಮಕ್ಕಳು ನಿದ್ದೆಹೋದವು, ಇಬ್ಬರು ಪೊಲೀಸರೂ ಹೋದರು. ಮಾರನೆಯ ದಿನ ಕೋಟು ಈ ಮೇಜಿನ ಮೇಲೆ ವಾಪಸು ಬಂತು.

“ನೀನು ನೆನೆಸಿದ್ದೀಯ ಅಂದ್ಕೊಂಡೆ,” ಎಂದೆ ನಾನು.

“ನಾನ್ಯಾಕೆ ನೆನೆಸ್ಲಿ? ನೀನು ನೆನೆಸಿದ್ದೀಯ ಅಂದ್ಕೊಂಡೆ,” ಎಂದ ಅವನು.

ಅದೇ ಕೊನೆಯ ಮಾತು. ಆಮೇಲೆ ವ್ಯವಹಾರವೆಲ್ಲ ಸೀಮೆಸುಣ್ಣದಲ್ಲಿ. ಬಟ್ಟೆಯ ಒಳಮೈಯಲ್ಲಿ ನಾನು ‘ಎಡಭುಜ ಇಳಿದಿದೆ’ ಎಂದು ಬರೆಯುವುದು, ಅವನು ಕೆಳಗೆ ‘ಕಣ್ಣಿದೆ’ ಎಂದು ಬರೆಯುವುದು. ಹೊಲಿದಾದ ಮೇಲೆ ಒರೆಸಬೇಕು. ಒಮ್ಮೆ ‘ಕತ್ತೆ’ ಎಂಬ ಪದ ಒರೆಸದೆ ಉಳಿದು, ವಕೀಲರೊಬ್ಬರು ಕೋರ್ಟಿನಲ್ಲಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಎದುರು ಪಕ್ಷದವರು ಅದನ್ನು ಸಾಕ್ಷ್ಯವಾಗಿ ದಾಖಲಿಸಬೇಕೆಂದು ಅರ್ಜಿ ಕೊಟ್ಟರಂತೆ.

ನಮಗಿಬ್ಬರಿಗೂ ಇದು ರೂಢಿಯಾಗಿತ್ತು. ಕಷ್ಟವಾದದ್ದು ಅಮ್ಮನಿಗೆ. ತಮ್ಮ ಏಳು ಗಂಟೆಗೆ ಮೇಲೆ ಬಂದು ಊಟಮಾಡಿ ಹೋಗುತ್ತಿದ್ದ, ನಾನು ಎಂಟಕ್ಕೆ ಕೂರುತ್ತಿದ್ದೆ. ಅಮ್ಮ ಏಳಕ್ಕೆ ಅವನ ಜೊತೆ ಅರ್ಧ ತಿಂದು ತಟ್ಟೆ ಮುಚ್ಚಿಡುತ್ತಿದ್ದಳು, ಎಂಟಕ್ಕೆ ನನ್ನ ಜೊತೆ ಉಳಿದರ್ಧ ತಿನ್ನುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವಳು ಒಂದು ಊಟವನ್ನು ಒಂದೇ ಸಲಕ್ಕೆ ಮುಗಿಸಿರಲಿಲ್ಲ. ನಾನು ಅದನ್ನು ನೋಡುತ್ತಿದ್ದೆ. ನೋಡಿಯೂ ಪಲ್ಯ ಬಡಿಸಿಕೊಳ್ಳುತ್ತಿದ್ದೆ.

ಹೋದ ತಿಂಗಳು ತಮ್ಮ ನದಿಯಾಚೆಯ ದೊಡ್ಡ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ ಗೊತ್ತುಮಾಡಿಕೊಂಡ. ಈ ಸೋಮವಾರದಿಂದ ಅಲ್ಲೇ ಕೆಲಸ, ಅಲ್ಲೇ ವಾಸ ಎಂದಾಗಿತ್ತು. ನನಗೆ ಹೇಳಿದವಳು ಅಮ್ಮ. ಅದರ ಹಿಂದಿನ ಶನಿವಾರ ಅವಳಿಗೆ ಎಪ್ಪತ್ತೈದು ತುಂಬುತ್ತಿತ್ತು. ಏನು ಬೇಕು ಅತ್ತೆ ಎಂದು ನನ್ನ ಹೆಂಡತಿ ಕೇಳಿದಳು. ಅಮ್ಮ ಶಾಲಿನ ಅಂಚನ್ನು ಬೆರಳಲ್ಲಿ ಮಡಿಸುತ್ತ, ಮೊದಲೇ ಹೊಲಿದಿಟ್ಟುಕೊಂಡಿದ್ದವಳ ಹಾಗೆ ಹೇಳಿದಳು:

“ನಂಗೆ ಆ ಹಿಟ್ಟಿನ ಜೇಬು ತಿನ್ಬೇಕು.”

ಆ ಹಿಟ್ಟಿನ ಜೇಬಿನ ಕಥೆ ನಮಗೆಲ್ಲ ಬಾಯಿಪಾಠ. ಅವಳಿನ್ನೂ ಹುಡುಗಿಯಾಗಿದ್ದಾಗ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಗಿರಾಕಿ ಇದ್ದನಂತೆ, ಅರ್ಧ ಆಯುಷ್ಯ ಇಟಲಿಯ ಬಂದರುಗಳಲ್ಲಿ ಕಳೆದವನು. ಕೋಟಿನ ಹರಿದ ಜೇಬು ಸರಿಮಾಡಿಸಿಕೊಂಡವನು ಖುಷಿಗೆ ಒಂದು ಡಬ್ಬಿಯಲ್ಲಿ ತಾನು ಮಾಡಿದ ತಿಂಡಿ ತಂದುಕೊಟ್ಟನಂತೆ. ತೆಳ್ಳನೆಯ ಹಿಟ್ಟಿನ ಜೇಬು, ನಾಲ್ಕೂ ಕಡೆ ಹೊಲಿಗೆ, ಒಳಗೆ ಸೊಪ್ಪು ಮತ್ತು ಗಿಣ್ಣಿನಂಥದೇನೋ, ಮೇಲೆ ಕೆಂಪು ಸಾರು. ಅಮ್ಮ ನಿಂತುಕೊಂಡೇ ತಿಂದಳಂತೆ.

“ನಾನು ಹೊಲಿದ ಜೇಬೆಲ್ಲ ಖಾಲಿ ಕೈಬಿಟ್ಟು ಹೋದವು,” ಎನ್ನುತ್ತಿದ್ದಳು. “ತುಂಬಿದ ಜೇಬು ಅಂತ ನನ್ನ ಕೈಗೆ ಬಂದಿದ್ದು ಅದೊಂದೇ.”

“ಅಷ್ಟೇ ತಾನೆ ಅತ್ತೆ? ಮಾಡೋಣ ಬಿಡಿ,” ಎಂದಳು ನನ್ನ ಹೆಂಡತಿ.

“ಅಷ್ಟೇ ಅಲ್ಲ. ಅವನು ಹಿಟ್ಟು ಮಾಡ್ಬೇಕು, ಇವನು ಸಾರು ಮಾಡ್ಬೇಕು. ಏಳಕ್ಕೂ ಅಲ್ಲ, ಎಂಟಕ್ಕೂ ಅಲ್ಲ, ಏಳೂವರೆಗೆ. ಇಬ್ಬರೂ ಕೂರ್ಬೇಕು, ಬಾಯಿ ಬಿಟ್ಟು ಮಾತಾಡ್ಬೇಕು. ಒಂದೇ ಒಂದು ಪೂರ್ತಿ ಊಟ. ಆಗಲ್ಲ ಅಂದ್ರೆ ಹೇಳಿ, ಬ್ರೆಡ್ಡು ಹಾಲು ತಿಂದು ಮಲಗ್ತೀನಿ. ಸೋಮವಾರದಿಂದ ಹೆಂಗೂ ಅರ್ಧವೇ.”

ನನ್ನ ಹೆಂಡತಿಯ ಬಗ್ಗೆ ಒಂದು ಮಾತು. ಅವಳು ರೈಲು ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಕೂಗಿ ಹೇಳುವವಳು. ಇಪ್ಪತ್ತೆರಡು ವರ್ಷದ ಕೆಲಸ, ಆ ಧಾಟಿ ಮನೆಯಲ್ಲೂ ಬಿಟ್ಟುಹೋಗುವುದಿಲ್ಲ. ಅಣ್ಣತಮ್ಮಂದಿರ ನಡುವಿನ ತುರ್ತು ಸುದ್ದಿಗಳೆಲ್ಲ ಅವಳ ಮೂಲಕವೇ ಓಡಾಡುತ್ತಿದ್ದವು. ಶನಿವಾರ ಮಧ್ಯಾಹ್ನ ಅವಳು ಗ್ರಂಥಾಲಯದಿಂದ ತಂದ ಅಡುಗೆ ಪುಸ್ತಕ ಹಿಡಿದು ಮಹಡಿಯ ಮೆಟ್ಟಿಲ ನಡುವೆ ನಿಂತಳು. ಮೇಲೆ ಒಲೆಯ ಮುಂದೆ ನಾನು. ಕೆಳಗೆ, ಇದೇ ಕತ್ತರಿಸುವ ಮೇಜನ್ನು ಮೂರು ಸಲ ತೊಳೆದು, ತಮ್ಮ. ಅಮ್ಮ ಅವನ ಪಕ್ಕ ಕುರ್ಚಿಯಲ್ಲಿ.

“ದಯವಿಟ್ಟು ಗಮನಿಸಿ,” ಎಂದು ಕೂಗಿದಳು ಹೆಂಡತಿ. “ನಾಲ್ಕು ಮೊಟ್ಟೆ ಮತ್ತು ಮೈದಾ ಕೆಳಗಿನ ಮೇಜಿಗೆ ಬರಲಿವೆ. ಬೆಳ್ಳುಳ್ಳಿ ಐದು ನಿಮಿಷ ತಡವಾಗಿ ಮೇಲಿನ ಒಲೆಗೆ ಬರಲಿದೆ. ತಡವಾದದ್ದಕ್ಕೆ ವಿಷಾದಿಸುತ್ತೇವೆ, ಸಿಪ್ಪೆ ಸುಲಿಯೋರು ಪೇಪರ್ ಓದ್ತಾ ಇದ್ದಾರೆ.”

ನಾನು ಪೇಪರ್ ಕೆಳಗಿಟ್ಟು ಸುಲಿದೆ. ಟೊಮೆಟೊಗಳನ್ನು ಕತ್ತರಿಯಲ್ಲೇ ಕತ್ತರಿಸಿದೆ. ಚಾಕು ಹಿಡಿದರೆ ನನ್ನ ಕೈ ಪರದೇಶಿ. ಒಂದೊಂದನ್ನೂ ಕಾಲರಿನ ಆಕಾರಕ್ಕೆ. ತುಳಸಿಯ ದೂರದ ನೆಂಟಳಂತಿದ್ದ ಬೇಸಿಲ್ ಸೊಪ್ಪು ಹಾಕಿ ಸಣ್ಣ ಉರಿಯಲ್ಲಿ ಬಿಟ್ಟೆ. ಮೂರು ಗಂಟೆಗೆ ಆ ಪರಿಮಳ ಕಿಟಕಿ ದಾಟಿತು. ಮೂರೂಕಾಲಿಗೆ ಹನ್ನೊಂದನೇ ನಂಬರಿನ ಬಸ್ಸು ತನ್ನ ನಿಲ್ದಾಣವಲ್ಲದ ನಮ್ಮ ಬಾಗಿಲ ಮುಂದೆ ಬಂದು ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಸುಮ್ಮನೆ ಎಲ್ಲರೂ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡರು, ಬಸ್ಸು ಹೋಯಿತು.

ಜೇಬಿನ ಅಳತೆ ಎರಡು ಇಂಚು ಚೌಕ ಎಂದು ಪುಸ್ತಕದಲ್ಲಿತ್ತು. ಅಳತೆ ಕೊಡುವುದು ಕತ್ತರಿಸುವವನ ಹಕ್ಕು. ಕಂದು ಕಾಗದದಲ್ಲಿ ಮಾದರಿ ಕತ್ತರಿಸಿದೆ. ಕತ್ತರಿಸುವಾಗ ಒಂದು ಕ್ಷಣ ಕೈ ನಿಂತಿತು. ಈ ಜೇಬು ಬಿಸಿನೀರಿಗೆ ಬೀಳುವಂಥದು. ನೀರಿಗೆ ಬಿದ್ದದ್ದು ಕುಗ್ಗುತ್ತದೆ. ಒಂದು ಸಲ ಕೈ ಸುಟ್ಟುಕೊಂಡವನು ನಾನು. ಸುತ್ತಲೂ ಅರ್ಧ ಇಂಚು ಹೆಚ್ಚಿಗೆ ಬಿಟ್ಟೆ, ಹೆಂಡತಿಯ ಕೈಯಲ್ಲಿ ಕೊಟ್ಟು ಕೆಳಗೆ ಕಳಿಸಿದೆ. ಹೆಚ್ಚಿಗೆ ಬಿಟ್ಟಿದ್ದೇನೆಂದು ಹೇಳಿ ಕಳಿಸಬಹುದಿತ್ತು. ಹೇಳಲಿಲ್ಲ. ಹೇಳದೆಯೂ ಕೆಲಸ ನಡೆಯುತ್ತದೆ ಎಂದು ತೋರಿಸುವುದರಲ್ಲೇ ಒಂಬತ್ತು ವರ್ಷ ಕಳೆದಿತ್ತಲ್ಲ.

ನಾಲ್ಕು ಗಂಟೆಗೆ ಉಪ್ಪು ಹುಡುಕುವ ನೆಪದಲ್ಲಿ ಮೆಟ್ಟಿಲಿಳಿದು ಬಗ್ಗಿ ನೋಡಿದೆ. ತಮ್ಮ ಹಿಟ್ಟು ನಾದುತ್ತಿದ್ದ. ಕೈ ಮೇಜಿನ ಮೇಲೆ ಓಡುವಾಗ ಬಲಗಾಲು ಕೆಳಗೆ ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ಆಮೇಲೆ ಬಟ್ಟೆಯ ಥಾನು ಸುತ್ತುವ ಕೋಲನ್ನು ತೊಳೆದು ಲಟ್ಟಿಸಲು ಶುರುಮಾಡಿದ. ಹಿಟ್ಟು ಹಿಗ್ಗಿತು, ಹಿಗ್ಗಿತು, ಮೇಜಿನ ಅಂಚು ದಾಟಿತು. ಅವನು ಅದನ್ನು ಮೀಟರುಗಟ್ಟಲೆ ಎತ್ತಿ ಕೋಟಿನ ಹ್ಯಾಂಗರುಗಳಿಗೆ ಒಣಹಾಕಿದ. ಆ ಹೊತ್ತಿಗೆ ಬಿಸಿಲು ಬೀದಿಯ ಕಡೆಯಿಂದ ಗಾಜಿಗೆ ಬೀಳುತ್ತದೆ. ಹಿಟ್ಟಿನ ಹಾಳೆಗಳ ಮೂಲಕ ಹಾದು ಬಂದ ಬಿಸಿಲು ಇಡೀ ಅಂಗಡಿಯನ್ನು ದೀಪದ ಬುರುಡೆಯ ಒಳಗಿನಷ್ಟು ಹಳದಿ ಮಾಡಿತ್ತು. ಹಿಟ್ಟಿನ ಧೂಳು ಬೀಳುವುದನ್ನೇ ಮರೆತು ಗಾಳಿಯಲ್ಲಿ ನಿಂತಿತ್ತು. ಗೋಡೆಯ ಗಡಿಯಾರದ ಮುಳ್ಳಿನ ಮೇಲೆ ಎಷ್ಟು ಹಿಟ್ಟು ಕೂತಿತ್ತೆಂದರೆ ಅದು ನಿಮಿಷಕ್ಕೆ ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಅಮ್ಮ ಅರೆನಿದ್ದೆಯಲ್ಲಿ ಬಾಯಿ ಸ್ವಲ್ಪ ತೆರೆದುಕೊಂಡು ಕೂತಿದ್ದಳು. ಅವಳ ನರೆಗೂದಲು, ತಮ್ಮನ ಕರಿಗೂದಲು ಎರಡೂ ಒಂದೇ ಬಣ್ಣವಾಗಿದ್ದವು. ತಮ್ಮನಿಗೆ ವಯಸ್ಸಾದರೆ ಹೇಗೆ ಕಾಣುತ್ತಾನೆ ಎಂದು ಅವತ್ತು ಗೊತ್ತಾಯಿತು. ನಾನದನ್ನು ಹತ್ತಿರದಿಂದ ನೋಡುವುದಿಲ್ಲ ಎಂದೂ ಗೊತ್ತಾಯಿತು. ಉಪ್ಪು ತೆಗೆದುಕೊಳ್ಳದೆ ಮೇಲೆ ಬಂದೆ.

ಅಷ್ಟರಲ್ಲಿ ದಾರಿಹೋಕ ಹೆಂಗಸೊಬ್ಬರು ಒಳಗೆ ಬಂದು ಹ್ಯಾಂಗರಿನ ಹಾಳೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರಂತೆ. “ಬಟ್ಟೆ ಚೆನ್ನಾಗಿದೆ. ಪನ್ನದ ಅಗಲ ಎಷ್ಟು? ಪರದೆಗೆ ನಾಲ್ಕು ಮೀಟರ್ ಬೇಕಿತ್ತು.”

“ಇದು ಒಂದೇ ಒಗೆತಕ್ಕೆ ಹೋಗ್ಬಿಡತ್ತೆ ತಾಯಿ,” ಎಂದನಂತೆ ತಮ್ಮ. ಅವನು ಸುಳ್ಳು ಹೇಳುವವನಲ್ಲ. ಮನೆಗೊಬ್ಬರು ಸಾಕು.

ಜೇಬಿನ ಮಾದರಿ ಕೈಗೆ ಬಂದಾಗ ತಮ್ಮ ಏನು ಮಾಡಿದ ಎಂದು ನನಗೆ ಆಮೇಲೆ ತಿಳಿಯಿತು. ಇದು ಬಿಸಿನೀರಿಗೆ ಬೀಳುವಂಥದು, ಅಣ್ಣನಿಗೆ ಅದೆಲ್ಲಿ ನೆನಪಿರುತ್ತದೆ ಎಂದುಕೊಂಡು ಅವನೂ ಸುತ್ತ ಅರ್ಧ ಇಂಚು ಬಿಟ್ಟ. ಹೊಲಿಗೆಗೆಂದು ಇನ್ನರ್ಧ ಇಂಚು. ಬಟ್ಟೆಯ ಮೇಲೆ ಚುಕ್ಕಿ ಗುರುತು ಹಾಕುವ ಹಲ್ಲಿನ ಚಕ್ರವನ್ನು ಕುದಿಸಿ ತೊಳೆದು, ಅದರಲ್ಲೇ ಅಂಚು ಕತ್ತರಿಸಿದ. ಒಡೆದ ಹಾಲಿನ ಗಟ್ಟಿ, ಪಾಲಕ್ ಸೊಪ್ಪು, ಜಾಯಿಕಾಯಿ ಪುಡಿ ಕಲಸಿ ಒಳಗಿಟ್ಟು ಅಮ್ಮನ ಮಡಿಲಿಗೆ ಕೊಟ್ಟ. ಅಮ್ಮ ಕಣ್ಣು ಮುಚ್ಚಿಕೊಂಡೇ ಬೆರಳ ತುದಿಯಲ್ಲಿ ನಾಲ್ಕೂ ಅಂಚು ಒತ್ತಿ ಮುಚ್ಚಿದಳು. ಐವತ್ತು ವರ್ಷದ ಬೆರಳು. ಅದಕ್ಕೆ ಕಣ್ಣೇಕೆ?

ಏಳು ಗಂಟೆಗೆ ಹೆಂಡತಿ ತಟ್ಟೆಗಳಿಗೆ ಬಟ್ಟೆ ಮುಚ್ಚಿ ಮೇಲೆ ತಂದಳು. ಹಿಂದೆ ಅಮ್ಮನ ಕೈಹಿಡಿದುಕೊಂಡು ತಮ್ಮ ಬಂದ. ಅವನು ಕಿಟಕಿ ನೋಡಿದ, ನಾನು ಸಾರು ನೋಡಿದೆ. ಹೆಂಡತಿ ಕುದಿಯುವ ನೀರಿಗೆ ನಾಲ್ಕು ಜೇಬು ಇಳಿಬಿಟ್ಟಳು.

ಐದು ನಿಮಿಷ. ಪಾತ್ರೆಯ ಮುಚ್ಚಳ ತಾನಾಗಿ ಎದ್ದಿತು. ಅದರ ಅಡಿಯಿಂದ ಬಿಳಿಯದೊಂದು, ನುಣ್ಣಗಿನದು, ಬೆಳಗ್ಗೆ ಹಾಸಿಗೆಯಿಂದ ಏಳುವ ಮಗುವಿನ ಹಾಗೆ ಮೆಲ್ಲಗೆ ತಲೆಯೆತ್ತಿತು. ಅದರ ಪಕ್ಕ ಇನ್ನೊಂದು. ಬಟ್ಟೆ ಕುಗ್ಗುತ್ತದೆ, ಸ್ವಾಮಿ. ಹಿಟ್ಟು ಉಬ್ಬುತ್ತದೆ. ಈ ಭೂಮಿಯ ಮೇಲೆ ಅಡುಗೆ ಮಾಡುವವರಿಗೆಲ್ಲ ಗೊತ್ತಿರುವ ಈ ವಿಷಯ ಗೊತ್ತಿರದೆ ಇದ್ದವರು ನಾವಿಬ್ಬರೇ.

“ದಯವಿಟ್ಟು ಗಮನಿಸಿ,” ಎಂದಳು ಹೆಂಡತಿ. “ಪಾತ್ರೆಯಲ್ಲಿ ಜಾಗ ಇಲ್ಲ.”

“ಏನ್ರೋ ಅದು?” ಎಂದಳು ಅಮ್ಮ ಕುರ್ಚಿಯಿಂದ. “ದಿಂಬು ಹೊಲಿದ್ರಾ?”

ನಾನು ಹೆಂಡತಿಯ ಕಡೆ ತಿರುಗಿದೆ. “ಅವನನ್ನ ಕೇಳು, ಕೊಟ್ಟ ಅಳತೆ ಬಿಟ್ಟು ಯಾಕೆ ಕತ್ತರಿಸಿದ ಅಂತ.”

“ಅತ್ತಿಗೆ, ಅವನನ್ನ ಕೇಳಿ,” ಎಂದ ತಮ್ಮ. “ನೀರಿಗೆ ಬಿದ್ರೆ ಕುಗ್ಗಲ್ವಾ ಅಂತ.”

ಹೆಂಡತಿ ಪುಸ್ತಕ ಮುಚ್ಚಿದಳು. “ಈ ಕೌಂಟರ್ ಮುಚ್ಚಿದೆ,” ಎಂದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಮ್ಮನ ಕಡೆ ನೋಡಿದೆವು. ಅಮ್ಮ ತಕ್ಷಣ ನಿದ್ದೆಹೋದಳು. ಗೊರಕೆ ಕೂಡ ಹಾಕಿದಳು, ಸ್ವಲ್ಪ ಬೇಗ ಹಾಕಿದಳು.

ಪಾತ್ರೆ ಕುದಿಯುತ್ತಿತ್ತು. ಜೇಬಿನ ಒಂದು ಅಂಚು ಬಾಯಿಬಿಡುವ ಹಾಗೆ ನಡುಗುತ್ತಿತ್ತು. ಒಂದು ನಿಮಿಷ ತಡೆದರೆ ಒಡೆದು, ಸೊಪ್ಪೂ ಹಾಲೂ ನೀರಾಗಿ, ಅಮ್ಮನ ಊಟ ಬ್ರೆಡ್ಡು ಹಾಲಿಗೆ ಬರುತ್ತಿತ್ತು. ಜಾಲರಿ ಸೌಟು ಹಾಕಿ ಎತ್ತಿದೆ. ಸೌಟಿಗಿಂತ ಜೇಬು ದೊಡ್ಡದು, ಎರಡೂ ಕಡೆ ಜೋಲು ಬಿತ್ತು. ಒಬ್ಬರಿಂದ ಆಗುವ ಕೆಲಸವಲ್ಲ. ಸೌಟಿನ ಕೆಳಗೆ ಯಾರಾದರೂ ಬಟ್ಟೆ ಒಡ್ಡಬೇಕು. ತಮ್ಮ ಮೂರು ಹೆಜ್ಜೆ ಆಚೆ ನಿಂತಿದ್ದ. ಕೈಯಲ್ಲಿ ಬಟ್ಟೆ ಇತ್ತು. ನನ್ನ ಗಂಟಲಲ್ಲಿ ಒಂಬತ್ತು ವರ್ಷ ತುಕ್ಕು ಹಿಡಿದ ಜಿಪ್ ಇತ್ತು.

“ಹಿಡಿ,” ಎಂದೆ.

“ಹಿಡಿದಿದ್ದೀನಿ.”

“ಬಿಸಿ.”

“ಗೊತ್ತು.”

ಅಷ್ಟೇ. ಎರಡನೆಯದನ್ನು ಎತ್ತಿದೆವು. ಮೂರನೆಯದನ್ನು ಎತ್ತುವಾಗ ಬಿಸಿನೀರು ಅವನ ಹೆಬ್ಬೆರಳ ಮೇಲೆ ಚೆಲ್ಲಿತು, ಅವನು ಬಟ್ಟೆ ಬಿಡಲಿಲ್ಲ. ಆವಿಯಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕಾಣದ ಮುಖದ ಜೊತೆ ಮಾತಾಡುವುದು ಸುಲಭ.

“ಎಷ್ಟು ಬಿಟ್ಟೆ?” ಎಂದೆ.

“ಅರ್ಧ ಇಂಚು. ನೀನು?”

“ಅರ್ಧ ಇಂಚು.”

ಅವನು ಮೂಗಿನಲ್ಲೇ ನಕ್ಕ. “ಅವತ್ತು ಇಬ್ಬರೂ ಮಾಡ್ಲಿಲ್ಲ. ಇವತ್ತು ಇಬ್ಬರೂ ಮಾಡಿದ್ವಿ.”

ನಾಲ್ಕನೆಯದು ಸೌಟಿನ ಮೇಲಿತ್ತು. ಅದನ್ನು ಹಾಗೇ ಹಿಡಿದುಕೊಂಡು ಹೇಳಿದೆ, “ಅವತ್ತು ಬಟ್ಟೆ ನೆನೆಸೋಕೆ ಬಕೆಟ್ಟಲ್ಲಿ ನೀರು ತುಂಬಿಸಿಟ್ಟಿದ್ದೆ ಕಣೋ. ಬಟ್ಟೆ ಹಾಕೋದು ಮರೆತೆ. ತಪ್ಪು ನಂದೇ. ಮಾರನೇ ದಿನವೇ ಗೊತ್ತಿತ್ತು.”

ತಮ್ಮ ಬಟ್ಟೆ ಒಡ್ಡಿ ನಾಲ್ಕನೆಯದನ್ನೂ ಇಳಿಸಿಕೊಂಡ. ಆಮೇಲೆ ಹೇಳಿದ, “ಆ ಬಕೆಟ್ ನೋಡಿದ್ದೆ ಅಣ್ಣ. ಖಾಲಿ ನೀರು. ಬಟ್ಟೆ ಒಣಗೇ ಇದೆ ಅಂತ ನಂಗೂ ಗೊತ್ತಿತ್ತು. ಹೇಳೋಣ ಅಂತಿದ್ದೆ. ಆ ನೀರಲ್ಲಿ ಕಾಲು ತೊಳ್ಕೊಂಡೆ, ಮರ್ತೋಯ್ತು.”

ಕುರ್ಚಿಯಲ್ಲಿ ಗೊರಕೆ ನಿಂತಿತು. “ಥೂ ನಿಮ್ಮ,” ಎಂದಳು ಅಮ್ಮ ಕಣ್ಣು ತೆರೆಯದೆ.

“ಜೇಬು ಇಷ್ಟು ದೊಡ್ಡದಾಗಿದೆ ಅಂತ ನಿನ್ನ ಕೈಗೆ ಗೊತ್ತಾಗ್ಲಿಲ್ವಾ ಅಮ್ಮ?” ಎಂದೆ.

“ಕೈಗೆ ಗೊತ್ತಾಯ್ತು. ಬಾಯಿ ಬಿಡ್ಬೇಕಾದೋರು ನೀವು ಅಂತ ಸುಮ್ನಿದ್ದೆ.”

ಹೆಂಡತಿ ಬಾಲ್ಕನಿಯಿಂದ ಒಳಗೆ ಬಂದಳು, ಏಳೂವರೆಗೆ ಕೂತೆವು. ಒಂದೊಂದು ತಟ್ಟೆಗೆ ಒಂದೊಂದೇ ಜೇಬು ಹಿಡಿಸಿತು. ಅಂಚುಗಳು ತಟ್ಟೆಯ ಆಚೆ ಕಾಲು ನೀಡಿಕೊಂಡಿದ್ದವು. ಅಮ್ಮ ಬೆರಳಿಂದ ಹೊಲಿಗೆಯ ಸುತ್ತ ಒಂದು ಸುತ್ತು ಬಂದಳು, ಒಂದು ಮೂಲೆ ಹರಿದಳು, ಒಳಗಿಂದ ಬಂದ ಹಬೆಗೆ ಮುಖ ಕೊಟ್ಟು ಸುಮ್ಮನೆ ಕೂತಳು. ನಾವ್ಯಾರೂ ಕೈಹಾಕಲಿಲ್ಲ. ಅವಳು ಒಂದು ತುತ್ತು ತಿಂದಳು.

“ಹೆಂಗಿದೆ ಅತ್ತೆ?” ಎಂದಳು ಹೆಂಡತಿ, ಮನುಷ್ಯರ ದನಿಯಲ್ಲಿ.

“ಉಪ್ಪು ಕಮ್ಮಿ,” ಎಂದಳು ಅಮ್ಮ. ತಿಂದಳು. ಮೆಲ್ಲಗೆ, ನಿಲ್ಲಿಸದೆ, ತಟ್ಟೆ ಮುಚ್ಚಿಡದೆ ಪೂರ್ತಿ ತಿಂದಳು. ಆಮೇಲೆ ತಟ್ಟೆ ಮುಂದೆ ತಳ್ಳಿ, “ಇನ್ನೊಂದು ಹಾಕು,” ಎಂದಳು. ನಾನಿನ್ನೂ ಮುಟ್ಟದೆ ಇದ್ದ ನನ್ನದನ್ನೇ ಹಾಕಿದೆ. ಆ ಇನ್ನೊಂದನ್ನು ಅವಳು ತಿನ್ನಲಿಲ್ಲ. ನಾವು ನೋಡುತ್ತಿಲ್ಲ ಎಂದುಕೊಂಡು, ಸಾರು ಒರೆಸಿ, ಕಾಗದದಲ್ಲಿ ಸುತ್ತಿ ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ಜೇಬಿನ ಮೇಲೆ ಕೈಯಿಟ್ಟುಕೊಂಡೇ ನಿಜವಾಗಿ ನಿದ್ದೆಹೋದಳು. ಈ ಸಲದ ಗೊರಕೆ ಹೊತ್ತಿಗೆ ಸರಿಯಾಗಿ ಬಂತು.

ತಮ್ಮನೂ ನಾನೂ ಕೆಳಗಿಳಿದು ಈ ಮೇಜು ಒರೆಸಿದೆವು. ಆ ತುದಿಯಿಂದ ಅವನು, ಈ ತುದಿಯಿಂದ ನಾನು. ಹಿಟ್ಟು ಇನ್ನೂ ಗಾಳಿಯಿಂದ ಇಳಿದಿರಲಿಲ್ಲ. ಅವನ ಮೆಷಿನ್ನಿನ ಕೆಳಗೆ ಹಗ್ಗ ಕಟ್ಟಿದ ಪೆಟ್ಟಿಗೆ ತಯಾರಿತ್ತು, ಅದರ ಮೇಲೂ ಬೆಳ್ಳಗೆ ಕೂತಿತ್ತು. ಮೇಜಿನ ನಡುವೆ ನಮ್ಮ ಬಟ್ಟೆಗಳು ಎದುರುಬದುರಾದಾಗ ನಾನು ಕೇಳಿದೆ, “ಸೋಮವಾರ ಎಷ್ಟು ಗಂಟೆಗೋ ಹೊರಡೋದು?”

ಅವನು ಬಟ್ಟೆ ಹಿಂಡಿದ. ಹ್ಯಾಂಗರಿಗೆ ಹಾಕಿದ. ನನ್ನ ಮುಖ ನೋಡದೆ...

ಓ, ಮೆಷಿನ್ನು ನಿಂತಿತಲ್ಲ. ತಗೊಳ್ಳಿ, ಬಂತು ನಿಮ್ಮ ಪ್ಯಾಂಟು, ಪರದೆಯ ಮೇಲಿಂದ ಕೊಡುತ್ತಿದ್ದಾನೆ, ಹಿಡಿದುಕೊಳ್ಳಿ. ಆ ಹೆಬ್ಬೆರಳಿನ ಬ್ಯಾಂಡೇಜು ನೋಡಿದಿರಾ? ಒಂದಕ್ಷರ ಸುಳ್ಳಿಲ್ಲ ಅಂದೆನಲ್ಲ. ಜಿಪ್ ಎಳೆದು ನೋಡಿ. ಸೊಂಟದ ಒಳಮೈ ಬೇಕಿದ್ದರೆ ತಿರುಗಿಸಿ ನೋಡಿ, ಸೀಮೆಸುಣ್ಣದ ಒಂದು ಗೀರೂ ಇಲ್ಲ. ಮ್ಯಾನೇಜರರ ಬಟ್ಟೆ ಸ್ಟೂಲಿನ ಮೇಲಿಡಿ. ಹಾಂ, ಎಲ್ಲಿಗೆ ಬಂದಿದ್ದೆ? ನನ್ನ ಮುಖ ನೋಡದೆ, ಆ ಹಗ್ಗ ಕಟ್ಟಿದ ಪೆಟ್ಟಿಗೆಯ ಮೇಲಿನ ಹಿಟ್ಟನ್ನು ಬೆರಳಲ್ಲಿ ಒರೆಸುತ್ತ ನಿಂತ. ನಿಂತು, “ಅಣ್ಣ, ಸೋಮವಾರ ಬೆಳಿಗ್ಗೆ ಆ ಮ್ಯಾನೇಜರ್ ಸೂಟಿನ ಬಟ್ಟೆ ನೆನೆಸೋದು,” ಅಂದ, “ಈ ಸಲ ಬಕೆಟ್ ನೀನು ತುಂಬಿಸು, ಬಟ್ಟೆ ನಾನೇ” ಅಂತ ಅವನು ಇನ್ನೂ ಹೇಳುತ್ತಿರುವಾಗಲೇ ನಾನು... ರೀ, ಬಾಗಿಲು ಮೆಲ್ಲಗೆ, ಗಾಜಿನ ಮೇಲೆ ಇನ್ನೂ ಹಿಟ್ಟು